ಮೂಡಣ ಗಾಳಿಯ ಮರುದಿನ

ವಾಲ್ವಿಸ್ ಬೇಯ ಮೀನು ಕಾರ್ಖಾನೆಯಲ್ಲಿ
ನಾಲ್ಕನೇ ಶೀತಲಕೋಣೆ ಗ್ಯಾಸು ಕಳೆದುಕೊಳ್ಳುತ್ತಿತ್ತು,
ತಿಂಗಳಿಗೆ ಒಂಬತ್ತು ಕಿಲೋ.
ಸದ್ದಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ.
ಹೇಕ್ ಮೀನಿನ ಪೆಟ್ಟಿಗೆಗಳ ಮೇಲೆ
ಹಿಮದ ಪುಡಿ ಬೆವರತೊಡಗಿದಾಗ
ಸ್ವಾರ್ಟ್‌ಬೋಯಿಯನ್ನು ಕರೆಸಿದರು.
ಅವನ ಪೆಟ್ಟಿಗೆ ಹೊತ್ತು ಹಿಂದೆ ನಾನು.

ಅರವತ್ತೆರಡು ವರ್ಷ. ಅವನ ಎಡಗಿವಿ
ಎಂದೋ ಕಂಪ್ರೆಸರುಗಳ ಪಾಲಾಗಿತ್ತು.
“ಟುಯಾಕುಲಾ, ಮೊದಲು ಕೈ ತೊಳೆದುಕೋ” ಅಂದ,
“ಇಲ್ಲದಿದ್ದರೆ ನಿನ್ನ ಬೆರಳಿನ ಎಣ್ಣೆಯನ್ನೇ
ನೀನು ಪತ್ತೆ ಹಚ್ಚುತ್ತೀಯ.”

ಸೋಪಿನ ನೊರೆ ಕಲಸಿ, ಕುಂಚ ಹಿಡಿದು
ಇನ್ನೂರ ಹದಿನಾಲ್ಕು ಬೆಸುಗೆಗಳಿಗೆ ಬಳಿದೆ.
ಒಂದು ಗುಳ್ಳೆಯೂ ಏಳಲಿಲ್ಲ.
ಮೂಸುವ ಯಂತ್ರ ತಂದೆವು. ಅದೋ,
ಹೊಸ ಬಣ್ಣಕ್ಕೆ ಕಿರುಚಿತು, ನೆಲ ತೊಳೆಯುವ ನೀರಿಗೆ ಕಿರುಚಿತು,
ಮೀನು ಸೀಳುವ ಹುಡುಗಿಯ ಕೂದಲ ಸ್ಪ್ರೇಗೂ ಕಿರುಚಿತು,
ನಿಜವಾದ ಕಳ್ಳನ ಮುಂದೆ ಹಾದು ಹೋಗುವಾಗ
ಸುಮ್ಮನಿದ್ದಿರಬೇಕು.

ಯಂತ್ರ ನಿಲ್ಲಿಸಿ ನೈಟ್ರೋಜನ್ ತುಂಬಿದೆವು.
ರಾತ್ರಿಯಿಡೀ ಗೇಜಿನ ಮುಳ್ಳು
ಹರಕೆ ಹೊತ್ತವರ ಹಾಗೆ ನಿಂತೇ ಇತ್ತು.
ಬೆಳಿಗ್ಗೆ ಮತ್ತೆ ಓಡಿಸಿದರೆ ಮತ್ತೆ ಅದೇ ಕಥೆ.
“ವೈದ್ಯರ ಮುಂದೆ ಕೆಮ್ಮದ ಮುದುಕ ಇದು” ಅಂದ ಸ್ವಾರ್ಟ್‌ಬೋಯಿ,
“ಮನೆಗೆ ಹೋದ ಮೇಲೆ ಶುರು.”

ಕತ್ತಲಲ್ಲಿ ನೇರಳೆ ದೀಪ ಹಿಡಿದು
ಕೊಳವೆಗಳ ಉದ್ದಕ್ಕೂ ತೆವಳಿದೆವು.
ಒಂದು ಕಡೆ ಹಸಿರು ಹೊಳೆಯಿತು! ಎದೆ ಧಸಕ್ಕೆಂದಿತು.
ಯಾವನೋ ಹಳೆಯ ಮೆಕ್ಯಾನಿಕನ
ಹೆಬ್ಬೆರಳ ಗುರುತು ಅದು,
ಸಾಲುಸಾಲಾಗಿ, ಮುದ್ದಾಗಿ.

ಚಹಾ ಕುಡಿಯುತ್ತ ಅವನು ಹೇಳಿದ:
“ಆಗೆಲ್ಲ ಬೆಂಕಿಯಲ್ಲಿ ಹುಡುಕುತ್ತಿದ್ದೆವು.
ನೀಲಿ ಜ್ವಾಲೆ ಹಸಿರಾದರೆ ಅಲ್ಲೇ ಇದೆ ಅಂತ.
ಆ ಗ್ಯಾಸು ಆಕಾಶವನ್ನು ತಿನ್ನುತ್ತೆ ಅಂತ ಆಮೇಲೆ ಗೊತ್ತಾಯಿತು.
ಅಷ್ಟರಲ್ಲಿ ನಾನು ಎಷ್ಟು ಬಿಟ್ಟಿದ್ದೆನೋ.”
ಲೋಟದ ತಳ ನೋಡಿದ. ಮುಂದೆ ಹೇಳಲಿಲ್ಲ.

ಐದನೇ ದಿನ ಮೂಡಣ ಗಾಳಿ ಎದ್ದಿತು.
ಜೂನಿನಲ್ಲಿ ಅದು ಹಾಗೆಯೇ, ಹೇಳದೆ ಬರುತ್ತದೆ:
ನಮೀಬ್ ಮರುಭೂಮಿ ಪೂರ್ತಿ ಎದ್ದು ನಿಂತು
ಊರೊಳಗೆ ನಡೆದುಬರುತ್ತದೆ.
ಬ್ರೆಡ್ಡಿನಲ್ಲಿ ಮರಳು, ಹಲ್ಲಿನಲ್ಲಿ ಮರಳು,
ಮ್ಯಾನೇಜರ್ ಎಬೆಲಿಂಗಳ ಲೆಕ್ಕದ ಪುಸ್ತಕದಲ್ಲೂ ಮರಳು.
ನಾವು ಒಳಗೆ ಕೂತು ಬಾಗಿಲಿಗೆ ಬಟ್ಟೆ ತುರುಕಿದೆವು.

ಮರುದಿನ ಕಡಲ ಗಾಳಿ ತಿರುಗಿ
ಚಾವಣಿಯನ್ನು ಪೊರಕೆ ಹಿಡಿದು ಗುಡಿಸಿದಂತೆ ಗುಡಿಸಿತ್ತು.
ಕೊಳವೆಗಳ ಮೇಲೆ ಒಂದು ಕಣವಿಲ್ಲ.
ಮೂರನೇ ಕ್ಲಾಂಪಿನ ಅಡಿಯಲ್ಲಿ ಮಾತ್ರ,
ನಮ್ಮ ದೀಪ ಬಾಗದ ಮಗ್ಗುಲಲ್ಲಿ,
ಉಗುರಗಲ ಮರಳು ಅಂಟಿಕೊಂಡಿತ್ತು,
ಕಂದಾಗಿ, ಎಣ್ಣೆಯಲ್ಲಿ ನೆನೆದು.

ಕಣ್ಣಿಗೆ ಮಣ್ಣೆರಚಿದ ಗಾಳಿಯೇ
ಕಣ್ಣನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು.

ಸ್ವಾರ್ಟ್‌ಬೋಯಿ ಮಂಡಿಯೂರಿದ.
ಕೆಳತುಟಿ ನಾಲಿಗೆಯಿಂದ ಒದ್ದೆ ಮಾಡಿಕೊಂಡು
ನಡುಗುವ ಕೊಳವೆಯ ಹತ್ತಿರ, ಬಹಳ ಹತ್ತಿರ ತಂದ,
ಮಲಗಿದ ಮಗು ಉಸಿರಾಡುತ್ತಿದೆಯೇ ಎಂದು ನೋಡುವವನ ಹಾಗೆ.
“ಕೊಳವೆ ಬೆಚ್ಚಗಿದೆ” ಅಂದ. “ಉಸಿರು ತಣ್ಣಗಿದೆ.”

ಕ್ಲಾಂಪು ಬಿಚ್ಚಿದೆವು. ಹನ್ನೊಂದು ವರ್ಷ
ಯಂತ್ರ ಅಲುಗಿದಾಗಲೆಲ್ಲ ಉಜ್ಜಿ ಉಜ್ಜಿ
ತಾಮ್ರ ತೆಳ್ಳಗಾಗಿ ಒಂದು ತೂತು.
ಕೂದಲೆಳೆಯೂ ತೂರದು.
ಯಂತ್ರ ನಿಂತರೆ ಕ್ಲಾಂಪೇ ಅದರ ಬಾಯಿಗೆ ಬೆರಳಿಡುತ್ತಿತ್ತು.

“ಇದಾ?” ಎಂದಳು ಎಬೆಲಿಂಗ್. “ಇದಕ್ಕೆ ಆರು ದಿನವಾ?”
ಅವಳು ಕೇಳಿದ್ದು ಎಡಗಿವಿಯ ಕಡೆ.
ಅವನು ಬೆಸುಗೆಯ ಉರಿ ಹೊತ್ತಿಸಿದ.

ಭಾನುವಾರ ಯಾರೂ ಕರೆಯದೆಯೇ ಬಂದ,
ಚರ್ಚಿಗೆ ಹೋಗುವ ಕೋಟಿನಲ್ಲೇ.
ಗೇಜಿನ ಮುಳ್ಳು ಅಲ್ಲೇ ಇತ್ತು.
ಗಾಜಿಗೆ ಬೆರಳಲ್ಲಿ ತಟ್ಟಿದ, ಮತ್ತೆ ತಟ್ಟಿದ.
“ಸಿಕ್ಕಿದ್ದು ಒಂದು” ಅಂದ ನನಗೆ,
ಮರಳದಿಬ್ಬಗಳ ಕಡೆ ಒಮ್ಮೆ ಕತ್ತೆತ್ತಿ ನೋಡಿ.